ಹೆದ್ದಾರಿಗೆ ಸೆಕೆಂಡ್ ಹ್ಯಾಂಡ್ ಕಾರು: ಕಿಲೋಮೀಟರ್ ನೋಡಿ ಮರುಳಾಗಬೇಡಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನಲ್ಲಿ ದುಡಿಮೆ, ಊರು ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಕಲಬುರಗಿಯಲ್ಲೋ. ಇಂಥ ಎಷ್ಟೋ ಕುಟುಂಬಗಳು ಈಗ ಸೆಕೆಂಡ್ ಹ್ಯಾಂಡ್ ಕಾರಿನ ಕಡೆ ಮುಖ ಮಾಡಿವೆ. ಹಬ್ಬದ ಸಮಯದಲ್ಲಿ ನಾಲ್ಕು ಜನಕ್ಕೆ ಖಾಸಗಿ ಬಸ್ಸಿನ ಟಿಕೆಟ್ ತೆಗೆಸುವ ದುಡ್ಡಿಗೆ ಕಾರಿನಲ್ಲೇ ಹೋಗಿಬರಬಹುದು ಎನ್ನುವ ಲೆಕ್ಕ ಸರಿಯಾಗಿಯೇ ಇದೆ. ಆದರೆ ಕೊಳ್ಳುವಾಗ ಹೆಚ್ಚಿನವರು ಕೇಳುವುದು ಮೂರೇ ಪ್ರಶ್ನೆ: ಎಷ್ಟು ಕಿಲೋಮೀಟರ್ ಓಡಿದೆ, ಮೈಲೇಜ್ ಎಷ್ಟು ಬರುತ್ತದೆ, ಲಾಸ್ಟ್ ಎಷ್ಟಕ್ಕೆ ಕೊಡುತ್ತೀರಿ. ಈ ಮೂರನ್ನೇ ನಂಬಿ ಕೊಂಡ ಕಾರು ಊರೊಳಗೆ ಹೇಗೋ ನಡೆದುಕೊಂಡು ಹೋಗುತ್ತದೆ. ಐದಾರು ಗಂಟೆ ಒಂದೇ ಸಮ 90ರ ವೇಗದಲ್ಲಿ ಓಡಿಸಿದಾಗ ಅದರ ನಿಜಸ್ಥಿತಿ ಹೊರಬೀಳುತ್ತದೆ, ಅದೂ ಹಿರಿಯೂರು ದಾಟಿದ ಮೇಲೋ ಶಿರಾಡಿ ಘಾಟಿಯ ನಡುವೆಯೋ. ಕಾರು ರಿಪೇರಿಯನ್ನೇ ವೃತ್ತಿ ಮಾಡಿಕೊಂಡಿರುವ ನಾವು ನಾಲ್ವರು ಕೂತು ಮಾತಾಡಿ ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ. ಕೊಳ್ಳುವವರ ಮೂರ್ನಾಲ್ಕು ಲಕ್ಷ ರೂಪಾಯಿಯ ಮಾತಾದ್ದರಿಂದ ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಮೊದಲು ಕಿಲೋಮೀಟರ್ ವಿಷಯ. ಒಂಬತ್ತು ವರ್ಷದ ಎರಡು ಕಾರುಗಳಿವೆ ಎನ್ನಿ. ಒಂದು 38,000 ಕಿ.ಮೀ. ಓಡಿದೆ, ಎಲ್ಲವೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ. ಇನ್ನೊಂದು 1,10,000 ಕಿ.ಮೀ. ಓಡಿದೆ, ಬಹುಪಾಲು ಹೆದ್ದಾರಿಯಲ್ಲಿ. ಕೊಳ್ಳುವವರು ಕಣ್ಣುಮುಚ್ಚಿ ಮೊದಲನೆಯದಕ್ಕೆ ಐವತ್ತು ಸಾವಿರ ಹೆಚ್ಚು ಕೊಡಲು ತಯಾರಿರುತ್ತಾರೆ. ಸ್ವಲ್ಪ ಗುಣಿಸಿ ನೋಡಿ. ಟ್ರಾಫಿಕ್ಕಿನಲ್ಲಿ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಎಂದಿಟ್ಟರೆ 38,000 ಕಿ.ಮೀ.ಗೆ ಎಂಜಿನ್ ಓಡಿದ್ದು 1,900 ಗಂಟೆ. ಹೆದ್ದಾರಿಯಲ್ಲಿ ಸರಾಸರಿ 55 ಎಂದರೆ 1,10,000 ಕಿ.ಮೀ.ಗೆ 2,000 ಗಂಟೆ. ಎಂಜಿನ್ನಿನ ಮಟ್ಟಿಗೆ ಎರಡೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವು. ಮೇಲಾಗಿ ಊರೊಳಗಿನ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ, ಆಯಿಲ್‌ನಲ್ಲಿ ತೇವ ಉಳಿಯುತ್ತದೆ, ಕ್ಲಚ್ ಮತ್ತು ಬ್ರೇಕ್ ನಿಮಿಷಕ್ಕೆ ಹತ್ತು ಸಲ ಕೆಲಸ ಮಾಡುತ್ತವೆ, ಗುಂಡಿ ಮತ್ತು ಹಂಪ್‌ಗಳಲ್ಲಿ ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ರಬ್ಬರ್ ಬುಷ್‌ಗಳು ಹರಿದುಹೋಗುತ್ತವೆ. ಹೆದ್ದಾರಿಯ ಕಾರಿಗೆ ಈ ಕಾಟ ಕಡಿಮೆ. ರಬ್ಬರ್ ಹೋಸ್, ಟೈರ್, ಎಂಜಿನ್ ಮೌಂಟ್, ಸೀಲುಗಳೆಲ್ಲ ಕಿಲೋಮೀಟರಿಗಿಂತ ಹೆಚ್ಚಾಗಿ ವರ್ಷದ ಲೆಕ್ಕದಲ್ಲಿ ಹಾಳಾಗುವಂಥವು, ಆ ವಿಷಯದಲ್ಲಿ ಎರಡೂ ಕಾರು ಸಮ. ಆದ್ದರಿಂದ ಸರ್ವಿಸ್ ದಾಖಲೆ ಪೂರ್ತಿ ಇರುವ ಲಕ್ಷ ಕಿಲೋಮೀಟರಿನ ಕಾರನ್ನು ಧೈರ್ಯವಾಗಿ ನೋಡಿ. ದಾಖಲೆಯೇ ಇಲ್ಲದ 38,000 ಕಿಲೋಮೀಟರಿನ ಕಾರನ್ನು ಅನುಮಾನದಿಂದ ನೋಡಿ.

ಆ 38,000 ನಿಜವೇ ಎನ್ನುವುದು ಬೇರೆ ಪ್ರಶ್ನೆ. ಡಿಜಿಟಲ್ ಮೀಟರ್ ತಿರುಗಿಸುವುದು ಈಗ ಅರ್ಧ ಗಂಟೆಯ ಕೆಲಸ. ಮೀಟರನ್ನು ನಂಬುವ ಬದಲು ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರ್ ನೋಡಿ. 40,000 ಕಿ.ಮೀ. ಕಾರಿನಲ್ಲಿ ಅದರ ಗೆರೆಗಳು ಇನ್ನೂ ಎದ್ದು ಕಾಣಬೇಕು. ಒಂದು ಅಂಚು ಸವೆದು ನುಣುಪಾಗಿದ್ದರೆ ಅಥವಾ ಹಳೆಯ ಕಾರಿನಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಕಾರಣ ಕೇಳಿ. ಸ್ಟೇರಿಂಗಿನ ಮೇಲ್ಭಾಗ, ಗೇರ್ ನಾಬ್, ಡ್ರೈವರ್ ಸೀಟಿನ ಬಾಗಿಲ ಕಡೆಯ ದಿಂಡು, ಪವರ್ ವಿಂಡೋ ಸ್ವಿಚ್ಚಿನ ಅಳಿಸಿದ ಗುರುತು ಇವೆಲ್ಲ ಒಂದೇ ಕಥೆ ಹೇಳಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿ ಸರ್ವಿಸ್ ಸೆಂಟರಿನ ಹಿಸ್ಟರಿ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ನೋಂದಣಿ ಸಂಖ್ಯೆ ಹೇಳಿದರೆ ಯಾವ ತಾರೀಖಿಗೆ ಎಷ್ಟು ಕಿ.ಮೀ. ಇತ್ತು ಎಂದು ಸಿಗುತ್ತದೆ. ನಾಲ್ಕು ವರ್ಷದ ಹಿಂದೆ 71,000 ಇದ್ದದ್ದು ಇವತ್ತು 52,000 ಆಗಿದ್ದರೆ ಮುಂದೆ ಮಾತೇ ಬೇಡ. ಹಿಸ್ಟರಿ ತೋರಿಸಲು ಮಾಲೀಕರು ಒಪ್ಪದಿದ್ದರೂ ಅಷ್ಟೇ.

ಇನ್ನು ಡೀಸೆಲ್ಲೋ ಪೆಟ್ರೋಲೋ ಎನ್ನುವುದು. ಪೆಟ್ರೋಲ್ ಲೀಟರಿಗೆ ₹102, ಡೀಸೆಲ್ ₹91 ಎಂದು ಹಿಡಿಯಿರಿ. ಹೆದ್ದಾರಿಯಲ್ಲಿ ಪೆಟ್ರೋಲ್ ಸೆಡಾನ್ 17, ಅದೇ ಅಳತೆಯ ಡೀಸೆಲ್ 22 ಕೊಡುತ್ತದೆ ಎನ್ನೋಣ. ವರ್ಷಕ್ಕೆ 20,000 ಕಿ.ಮೀ. ಓಡಿಸಿದರೆ ಪೆಟ್ರೋಲಿಗೆ ಸುಮಾರು ₹1.2 ಲಕ್ಷ, ಡೀಸೆಲ್‌ಗೆ ₹83,000 ಆಗುತ್ತದೆ, ಅಂದರೆ ₹37,000 ಉಳಿತಾಯ. ವರ್ಷಕ್ಕೆ 8,000 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿಯುವುದು ₹15,000. ಈ ಹದಿನೈದು ಸಾವಿರವನ್ನು ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಒಂದು ರಿಪೇರಿಯೇ ನುಂಗಿಹಾಕುತ್ತದೆ. ಟರ್ಬೊ ಅಥವಾ ಫ್ಲೈವೀಲ್ ಸಮೇತ ಕ್ಲಚ್ ಬದಲಾಯಿಸಬೇಕಾಗಿ ಬಂದರೆ ಮೂರು ವರ್ಷದ ಉಳಿತಾಯವೂ ಸಾಲದೇ ಹೋಗಬಹುದು. ನಮ್ಮ ಅಭಿಪ್ರಾಯದಲ್ಲಿ ವರ್ಷಕ್ಕೆ 15,000 ಕಿ.ಮೀ. ದಾಟದವರು ಪೆಟ್ರೋಲ್ ಕಾರಿಗೇ ಹೋಗಬೇಕು.

ಡೀಸೆಲ್ ಕೊಳ್ಳುವವರು ನೆನಪಿಡಬೇಕಾದ ಒಂದು ಗಡಿ ಇದೆ: 2020ರ ಏಪ್ರಿಲ್. ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದದ್ದು ಆಗ. ಬಿಎಸ್6 ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಸುಟ್ಟು ಸ್ವಚ್ಛವಾಗಲು ಅದಕ್ಕೆ ಹದಿನೈದು ಇಪ್ಪತ್ತು ನಿಮಿಷದ ಬಿಡುವಿಲ್ಲದ ಓಟ ಬೇಕು. ಹೆದ್ದಾರಿಯಲ್ಲಿ ಓಡಿಸುವವರಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ನೀವು ಕೊಳ್ಳುವ ಕಾರನ್ನು ಹಿಂದಿನ ಮಾಲೀಕರು ದಿನಾ ಮೂರು ಕಿ.ಮೀ. ಸ್ಕೂಲಿಗೆ, ಎರಡು ಕಿ.ಮೀ. ಮಾರ್ಕೆಟ್ಟಿಗೆ ಓಡಿಸಿದ್ದರೆ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಅರ್ಧಕ್ಕೇ ನಿಂತ ಸುಡುವಿಕೆಯಿಂದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದಾಗ ಆಯಿಲ್ ಮೇಲಿನ ಗುರುತಿಗಿಂತ ಮೇಲಿದ್ದರೆ, ಡೀಸೆಲ್ ವಾಸನೆ ಬಂದರೆ ಆ ಕಾರು ಬಿಡಿ.

ಸಿಎನ್‌ಜಿ ಅಗ್ಗವೆಂಬುದು ನಿಜ. ಆದರೆ ಡಿಕ್ಕಿಯ ಬಹುಭಾಗ ಸಿಲಿಂಡರಿಗೆ ಹೋಗುತ್ತದೆ, ದೂರದ ದಾರಿಯಲ್ಲಿ ಬಂಕ್ ಹುಡುಕಿಕೊಂಡು ಕ್ಯೂ ನಿಲ್ಲಬೇಕು. ಕಿಟ್ ಹೊರಗೆ ಹಾಕಿಸಿದ್ದಾದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಿರಬೇಕು. ಊರಿಗೆ ಲಗೇಜು ತುಂಬಿಕೊಂಡು ಹೋಗುವವರಿಗೆ ನಾವು ಇದನ್ನು ಹೇಳುವುದಿಲ್ಲ.

ಯಾವ ಕಾರು ಎಂದರೆ, ಮೊದಲು ಎಂಜಿನ್ ಅಳತೆ. 800 ಸಿಸಿಯ ಪುಟ್ಟ ಕಾರು ಊರೊಳಗೆ ಚೆನ್ನ. ನಾಲ್ಕು ಜನ, ಲಗೇಜು, ಎಸಿ ಹಾಕಿಕೊಂಡು ಲಾರಿ ಓವರ್‌ಟೇಕ್ ಮಾಡುವಾಗ ಅದರಲ್ಲಿ ಉಳಿದ ಶಕ್ತಿಯೇ ಇರುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡೇ ಓಡಿಸಬೇಕಾಗುವುದರಿಂದ ಮೈಲೇಜೂ ಸಿಗದು. ಹೆದ್ದಾರಿಗೆ ಪೆಟ್ರೋಲಿನಲ್ಲಿ ಕನಿಷ್ಠ 1.2 ಲೀಟರ್ ಎಂಜಿನ್ ಬೇಕು, 1.4 ಅಥವಾ 1.5 ಇದ್ದರೆ ಇನ್ನೂ ಒಳ್ಳೆಯದು. ಟಾಪ್ ಗೇರಿನಲ್ಲಿ 100ಕ್ಕೆ ಬಂದಾಗ ಆರ್‌ಪಿಎಂ ಮುಳ್ಳು ಪೆಟ್ರೋಲ್ ಕಾರಿನಲ್ಲಿ 3,000ದ ಆಸುಪಾಸು, ಡೀಸೆಲ್‌ನಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೆ ಇದ್ದರೆ ಎಂಜಿನ್ ನಿರಾಳವಾಗಿದೆ ಎಂದರ್ಥ.

ನಾಲ್ಕು ಲಕ್ಷದ ಆಸುಪಾಸಿನ ಬಜೆಟ್ಟಿಗೆ ನಾವು ಮೊದಲು ಹೇಳುವ ಹೆಸರು ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೋಟ ಎಟಿಯೋಸ್. ನೋಡಲು ಸಪ್ಪೆ, ಒಳಗಿನ ಪ್ಲಾಸ್ಟಿಕ್ ಸಾಧಾರಣ. ಆದರೆ 1.5 ಪೆಟ್ರೋಲ್ ಮತ್ತು 1.4 ಡೀಸೆಲ್ ಎರಡರಲ್ಲೂ ಬೆಲ್ಟಿನ ಬದಲು ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಸರಪಳಿ) ಇದೆ, ಟ್ಯಾಂಕ್ 45 ಲೀಟರ್, ಡಿಕ್ಕಿ 590 ಲೀಟರಿನಷ್ಟು. ಡೀಸೆಲ್ 20 ಕೊಟ್ಟರೂ ಒಂದು ಟ್ಯಾಂಕಿಗೆ 900 ಕಿ.ಮೀ. ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ವಾಪಸು ಬರುವಾಗ ಮುಕ್ಕಾಲು ದಾರಿ ಮುಗಿಯುವವರೆಗೆ ಬಂಕಿನ ಯೋಚನೆ ಬೇಡ. 2016ರ ಕೊನೆಗೆ ಬಂದ ಪ್ಲಾಟಿನಂ ಎಟಿಯೋಸಿನ ಎಲ್ಲ ಮಾದರಿಗಳಲ್ಲೂ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇವೆ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2016ರ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್ ಪಡೆದಿದೆ. ಇದರ ದೊಡ್ಡ ಅಪಾಯ ಒಂದೇ: ಟ್ಯಾಕ್ಸಿಗೆ ಓಡಿ ವೈಟ್ ಬೋರ್ಡ್ ಆದ ಎಟಿಯೋಸ್‌ಗಳು ಬಹಳ ಇವೆ. ಆರ್‌ಸಿ ಇತಿಹಾಸ ನೋಡಿ. ನಂಬರ್ ಪ್ಲೇಟ್ ಬಿಚ್ಚಿಸಿ ಹಿಂದೆ ಹಳದಿ ಬಣ್ಣದ ಚೂರು ಉಳಿದಿದೆಯೇ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಸ್ಕ್ರೂ ತೂತು, ಬಾನೆಟ್ ಒಳಗೆ ಸ್ಪೀಡ್ ಗವರ್ನರ್ ಬಿಚ್ಚಿದ ಗುರುತು ಇದ್ದರೆ ಅದು ಟ್ಯಾಕ್ಸಿಯೇ.

ಮಾರುತಿ ಡಿಸೈರ್‌ನಲ್ಲಿ 2017ರ ಮೇ ನಂತರದ್ದನ್ನು ನೋಡಿ, ಅಲ್ಲಿಂದ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಎಲ್ಲ ಮಾದರಿಗೂ ಬಂದವು. ಅದರ 1.3 ಡೀಸೆಲ್ ಎಂಜಿನ್ ಫಿಯೆಟ್ ಮೂಲದ್ದು, 1,248 ಸಿಸಿ. 2020ಕ್ಕೆ ಮಾರುತಿ ಡೀಸೆಲ್ ನಿಲ್ಲಿಸಿತಾದರೂ ಈ ಎಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ ರಾಜ್ಯದಲ್ಲಿಲ್ಲ, ಪಾರ್ಟ್ಸ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ಆಯಿಲ್ ಬದಲಾಯಿಸುವುದನ್ನು ಮುಂದೂಡುತ್ತ ಬಂದ ಕಾರಾದರೆ ಟೈಮಿಂಗ್ ಚೈನ್ ಸಡಿಲಾಗಿ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಲಗಲ ಸದ್ದು ಬರುತ್ತದೆ. ಪೆಟ್ರೋಲಿನಲ್ಲಿ ಮಾರುತಿ ಸಿಯಾಜ್ 1.4 ಮತ್ತು ಹೋಂಡಾ ಸಿಟಿ 1.5 ಹೆದ್ದಾರಿಗೆ ಹೇಳಿಮಾಡಿಸಿದವು. ಸಿಯಾಜ್ ಕೊಳ್ಳುವವರು ಕಡಿಮೆ ಇರುವುದರಿಂದ ಅದರ ದರ್ಜೆಗೆ ಹೋಲಿಸಿದರೆ ಬೆಲೆ ಇಳಿದಿದೆ. ಫೋರ್ಡ್ ಆಸ್ಪೈರ್‌ನ 1.5 ಡೀಸೆಲ್ 100 ಪಿಎಸ್ ಎಂಜಿನ್ ಓಡಿಸಲು ಎಲ್ಲಕ್ಕಿಂತ ಖುಷಿ. ಆದರೆ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಕಂಪನಿ ಘೋಷಿಸಿತು. ನಿಮ್ಮ ಊರಿನಲ್ಲಿ ಅದನ್ನು ಬಲ್ಲ ಗ್ಯಾರೇಜ್ ಇದ್ದರೆ ಮಾತ್ರ ಕೈಹಾಕಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ, ಉದಾಹರಣೆಗೆ ರೆನೊ ಡಸ್ಟರಿನ 1.5 ಡೀಸೆಲ್‌ನಲ್ಲಿ, ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿದು ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ. ಓಟದಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ.

ಆಟೋಮ್ಯಾಟಿಕ್ ಬೇಕೇ ಬೇಕು ಎನ್ನುವವರಿಗೆ ಬೇರೆ ಲೆಕ್ಕ. ಕಡಿಮೆ ಖರ್ಚಿನ ಹೆದ್ದಾರಿ ಕಾರೆಂದರೆ ಮ್ಯಾನ್ಯುಯಲ್ಲೇ ಸರಿ.

ಕಾರು ನೋಡಲು ಬೆಳಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಬಿಸಿ ಮಾಡಿಟ್ಟಿದ್ದಾರೆ ಎಂದೇ ಅರ್ಥ. ತಣ್ಣಗಿರುವಾಗಲೇ ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆಯಿರಿ. ಹಸಿರೋ ಗುಲಾಬಿಯೋ ನೀಲಿಯೋ ಬಣ್ಣದ ಕೂಲಂಟ್ ಇರಬೇಕು. ಕೆಂಪು ಮಣ್ಣಿನ ಬಣ್ಣವಿದ್ದರೆ ವರ್ಷಗಟ್ಟಲೆ ನಲ್ಲಿ ನೀರು ಹಾಕಿದ್ದಾರೆ, ರೇಡಿಯೇಟರ್ ಒಳಗೆ ತುಕ್ಕು ಕಟ್ಟಿದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದರ, ಕೂಲಂಟ್ ಮೇಲೆ ಆಯಿಲ್ ತೇಲಾಟ, ಎರಡರಲ್ಲಿ ಯಾವುದಿದ್ದರೂ ಆಯಿಲ್ ಮತ್ತು ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಹೋಗುತ್ತಿದೆ. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಸಡಿಲಿಸಿ ನೋಡಿ, ರೈಲು ಎಂಜಿನ್ನಿನಂತೆ ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್. ಪಿಸ್ಟನ್ ರಿಂಗ್ ಮುಗಿದಿವೆ, ಎಂಜಿನ್ ಕೆಲಸ ಕಾದಿದೆ.

ಒಂದು ಒಳಗುಟ್ಟು ಹೇಳಲೇಬೇಕು. ಎಂಜಿನ್ ಹೀಟ್ ಆಗುತ್ತಿದ್ದರೆ ಕಾರಣ ಹುಡುಕುವ ಬದಲು, ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುವ ಕೆಟ್ಟ ರೂಢಿ ನಮ್ಮ ಕಸುಬಿನಲ್ಲಿದೆ. ಆ ಕಾರು ಊರೊಳಗೆ ಹೀಟ್ ಆಗುವುದಿಲ್ಲ. ಹೆದ್ದಾರಿಯಲ್ಲಿ ಗಾಳಿ ಬಡಿದಾಗ ಎಂಜಿನ್ ಬೇಕಾದ ಬಿಸಿಗೇ ಬರುವುದಿಲ್ಲ. ಇನ್ನೂ ತಣ್ಣಗಿದೆ ಎಂದುಕೊಂಡು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಇಂಧನ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಸಿಲಿಂಡರ್ ಸವೆಯುತ್ತದೆ. ಪತ್ತೆ ಮಾಡುವುದು ಸುಲಭ: ಟೆಸ್ಟ್ ಡ್ರೈವಿನಲ್ಲಿ 80ರ ಮೇಲೆ ಹತ್ತು ನಿಮಿಷ ಓಡಿದ ಮೇಲೆ ಟೆಂಪರೇಚರ್ ಮುಳ್ಳು ಮಧ್ಯದಲ್ಲಿ ನಿಲ್ಲದೆ ಕೆಳಗೆ ಜಾರಿದರೆ ಥರ್ಮೋಸ್ಟಾಟ್ ಇಲ್ಲ ಅಥವಾ ತೆರೆದೇ ಕಚ್ಚಿಕೊಂಡಿದೆ.

ಮುಳ್ಳೇ ಇಲ್ಲದ ಕಾರುಗಳೂ ಇವೆ. ಅದಕ್ಕಾಗಿ ಸಾವಿರ ರೂಪಾಯಿಯ ಆಸುಪಾಸಿನ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಪುಟ್ಟ ಸಾಧನ) ಒಂದನ್ನು ಜೊತೆಗೆ ಒಯ್ಯಿರಿ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಕೂಲಂಟ್ ಎಷ್ಟು ಡಿಗ್ರಿ ಇದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಓಟದಲ್ಲಿ 85ರಿಂದ 100 ಡಿಗ್ರಿಯೊಳಗೆ ಇರಬೇಕು. ಎರರ್ ಕೋಡ್ ಏನೂ ಇಲ್ಲ ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂಬ ಇನ್ನೊಂದು ಅಂಕಿ ಹಲವು ಕಾರುಗಳಲ್ಲಿ ಸಿಗುತ್ತದೆ. ಅದು 6 ಕಿ.ಮೀ. ಎಂದು ತೋರಿಸಿದರೆ ನೀವು ಬರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ. ಅಳಿಸಿದ್ದು ಏನು ಎಂದು ನೇರವಾಗಿ ಕೇಳಿ.

ಆಕ್ಸಿಡೆಂಟ್ ಆದ ಕಾರನ್ನು ಕಂಡುಹಿಡಿಯಲು ಬಾಗಿಲಿನ ರಬ್ಬರ್ ಬೀಡಿಂಗ್ ಎಳೆಯಿರಿ, ಕೈಯಲ್ಲೇ ಬರುತ್ತದೆ. ಅದರಡಿ ಪಿಲ್ಲರ್ (ಚಾವಣಿ ಹೊರುವ ಬಾಗಿಲ ಪಕ್ಕದ ಕಂಬ) ಅಂಚಿನಲ್ಲಿ ಸಾಲಾಗಿ, ಒಂದೇ ಅಂತರದಲ್ಲಿ ದುಂಡನೆಯ ಚಿಕ್ಕ ಕುಳಿಗಳು ಕಾಣಬೇಕು. ಅವು ಕಂಪನಿ ಪಂಚಿಂಗ್. ಸಾಲು ತಪ್ಪಿದ್ದರೆ, ಕುಳಿ ಮುಚ್ಚಿಹೋಗಿದ್ದರೆ, ಕೈಯಿಂದ ವೆಲ್ಡಿಂಗ್ ಮಾಡಿದ ಉಬ್ಬು ಇದ್ದರೆ ಆ ಬದಿ ಜಜ್ಜಿಹೋಗಿ ಟಿಂಕರಿಂಗ್ ಆಗಿದೆ. ಬಾನೆಟ್ ಎತ್ತಿ ಎರಡೂ ಬದಿಯ ಏಪ್ರನ್ (ಚಕ್ರದ ಮೇಲಿನ ಒಳತಗಡು) ಮತ್ತು ರೇಡಿಯೇಟರ್ ಹಿಡಿದಿರುವ ಕ್ರಾಸ್ ಮೆಂಬರನ್ನು ಎಡ ಬಲ ಹೋಲಿಸಿ. ಬಂಪರ್, ಫೆಂಡರ್ ಬದಲಾದದ್ದು ದೊಡ್ಡ ಮಾತಲ್ಲ, ನಗರದಲ್ಲಿ ಓಡಿದ ಕಾರಿಗೆ ಅದು ಸಹಜ. ಪಿಲ್ಲರ್, ಏಪ್ರನ್, ಚಾಸಿಸ್ ಇವುಗಳಿಗೆ ಪೆಟ್ಟಾಗಿದ್ದರೆ ಅಲೈನ್‌ಮೆಂಟ್ ಎಂದೂ ಸರಿಯಾಗಿ ಕೂರುವುದಿಲ್ಲ, ಟೈರ್ ಒಂದು ಬದಿ ತಿನ್ನುತ್ತಲೇ ಇರುತ್ತದೆ, ಇನ್ನೊಂದು ಅಪಘಾತದಲ್ಲಿ ಆ ಕಾರು ನಿಮ್ಮನ್ನು ಕಾಪಾಡುವುದಿಲ್ಲ. ಎಷ್ಟು ಅಗ್ಗವಾದರೂ ಬೇಡ.

ನೀರಿನಲ್ಲಿ ಮುಳುಗಿದ ಕಾರು ಇದಕ್ಕಿಂತ ಕೆಟ್ಟದ್ದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಮುಳುಗಿದ ಕಾರುಗಳು ತೊಳೆದು ಮತ್ತೆ ಮಾರಾಟಕ್ಕೆ ಬರದೆ ಇರುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತೊಳೆದವರು ಮೇಲಿನ ಎರಡು ಅಡಿ ತೊಳೆದಿರುತ್ತಾರೆ, ಸುರುಳಿಯೊಳಗಿನ ಭಾಗದಲ್ಲಿ ಕೆಸರಿನ ಗೆರೆ ಹಾಗೆಯೇ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟ್‌ಗಳಲ್ಲಿ ತುಕ್ಕು, ಸ್ಟೆಪ್ನಿ ಕೆಳಗಿನ ಗುಂಡಿಯಲ್ಲಿ ಮಣ್ಣು, ಫ್ಯೂಸ್ ಬಾಕ್ಸಿನ ಪಿನ್ನುಗಳಲ್ಲಿ ಹಸಿರು ಕಿಲುಬು ಇವೂ ಸಾಕ್ಷಿಯೇ. ಇಂಥ ಕಾರಿನಲ್ಲಿ ವೈರಿಂಗ್ ಒಂದೊಂದಾಗಿ ಕೈಕೊಡುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಹೆಡ್‌ಲೈಟ್ ಆರಿಹೋದರೆ ಗತಿಯೇನು?

ಟೆಸ್ಟ್ ಡ್ರೈವ್ ಎಂದರೆ ಬಡಾವಣೆಯ ಒಂದು ಸುತ್ತಲ್ಲ. ಕನಿಷ್ಠ 30 ಕಿ.ಮೀ., ಅದರಲ್ಲಿ ಅರ್ಧ ಹೆದ್ದಾರಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ಕ್ಕೆ ಬಂದು ಆಕ್ಸಿಲರೇಟರ್ ಜೋರಾಗಿ ಒತ್ತಿ, ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. 60ರಿಂದ 80ರ ನಡುವೆ ಹೂಂಕರಿಸುವ ಸದ್ದು ಬಂದು, ಸ್ಟೇರಿಂಗ್ ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಏರಿಳಿದರೆ ವೀಲ್ ಬೇರಿಂಗ್. 80ರಿಂದ 100ರಲ್ಲಿ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಅದು ಕೆಲವೇ ನೂರರ ಕೆಲಸ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಎಸಿಯನ್ನು ಇಡೀ ಹೊತ್ತು ಹಾಕಿಡಿ. ವಾಪಸು ಬಂದು ಹತ್ತು ನಿಮಿಷ ಎಸಿ ಸಮೇತ ನಿಂತಲ್ಲೇ ಓಡಿಸಿ, ರೇಡಿಯೇಟರ್ ಫ್ಯಾನ್ ಆಗಾಗ ತಿರುಗಿ ನಿಲ್ಲಬೇಕು, ಟೆಂಪರೇಚರ್ ಏರಬಾರದು.

ಟೈರಿನ ವಿಷಯದಲ್ಲಿ ಬಟನ್ (ಮೇಲಿನ ಅಚ್ಚಿನ ಆಳ) ಎಷ್ಟಿದೆ ಎಂದಷ್ಟೇ ನೋಡುತ್ತಾರೆ. ಹೆದ್ದಾರಿಗೆ ಟೈರಿನ ವಯಸ್ಸು ಅಷ್ಟೇ ಮುಖ್ಯ. ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರ್ ಎಷ್ಟೇ ಬಟನ್ ಇದ್ದರೂ ಬದಲಾಯಿಸಿ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಬಿಸಿಲಿಗೆ ಕಾದ ಕಾಂಕ್ರೀಟ್ ರಸ್ತೆಯಲ್ಲಿ ತುಂಬಿದ ಕಾರಿನ ಭಾರಕ್ಕೆ ಸಿಡಿಯುವುದು ಇಂಥವೇ. ಸ್ಟೆಪ್ನಿಯ ತಾರೀಖನ್ನೂ ಓದಿ. ಹಿಂದಿನವರು ಶೋಕಿಗೆ ದೊಡ್ಡ ಅಲಾಯ್ ಮತ್ತು ಅಗಲ ಟೈರ್ ಹಾಕಿಸಿದ್ದರೆ ಮೈಲೇಜ್ ಕಡಿಮೆಯಾಗುತ್ತದೆ, ಮೀಟರಿನ ಲೆಕ್ಕವೂ ತಪ್ಪಬಹುದು. ಕಂಪನಿ ಅಳತೆಗೆ ವಾಪಸು ಬನ್ನಿ.

ಕಾರಿಗೆ ನಾಲ್ಕು ಲಕ್ಷ ಇಟ್ಟುಕೊಂಡಿದ್ದರೆ ಮೂರೂವರೆಗೆ ಕಾರು ಹುಡುಕಿ. ಉಳಿದ ಐವತ್ತು ಸಾವಿರ ಮೊದಲ ತಿಂಗಳಿಗೇ ಬೇಕಾಗುತ್ತದೆ. ನಾಲ್ಕು ಟೈರಿಗೆ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ. ಆಮೇಲೆ ಎಂಜಿನ್ ಆಯಿಲ್ ಮೂರರಿಂದ ನಾಲ್ಕು ಲೀಟರ್, ಆಯಿಲ್, ಏರ್, ಎಸಿ ಫಿಲ್ಟರ್‌ಗಳು, ಡೀಸೆಲ್ ಆದರೆ ಡೀಸೆಲ್ ಫಿಲ್ಟರ್, ಗೇರ್ ಆಯಿಲ್, ಕೂಲಂಟ್, ಫ್ಯಾನ್ ಬೆಲ್ಟ್, ಬ್ರೇಕ್ ಪ್ಯಾಡ್. ಮಾಲೀಕರು ಮೊನ್ನೆ ತಾನೇ ಬದಲಾಯಿಸಿದೆ ಎಂದರೂ ಬಿಲ್ ಇಲ್ಲದಿದ್ದರೆ ಬದಲಾಯಿಸಿ. ಬ್ರೇಕ್ ಫ್ಲೂಯಿಡನ್ನು ಯಾರೂ ಮುಟ್ಟುವುದೇ ಇಲ್ಲ, ಅದು ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಗಾಳಿಯ ತೇವ ಹೀರಿಕೊಂಡ ಫ್ಲೂಯಿಡ್ ಚಾರ್ಮಾಡಿ ಇಳಿಯುವಾಗ ಬ್ರೇಕಿನ ಶಾಖಕ್ಕೆ ಕುದಿಯುತ್ತದೆ, ಗುಳ್ಳೆ ಎದ್ದು ಪೆಡಲ್ ನೆಲಕ್ಕೆ ಹೋಗುತ್ತದೆ. ಘಾಟಿಯನ್ನು ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ ಎನ್ನುವುದು ಇದೇ ಕಾರಣಕ್ಕೆ.

ಪೆಟ್ರೋಲ್ ಕಾರು ಕೊಳ್ಳುವವರು ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ತಿಳಿದಿರಬೇಕು. ಶೇ 10 ಎಥನಾಲಿನ ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಇದರಿಂದ ಮೈಲೇಜ್ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಮಾರುವವರು ಹೇಳುವ ಮೈಲೇಜಿನಲ್ಲಿ ಅಷ್ಟನ್ನು ಕಳೆದೇ ಲೆಕ್ಕ ಹಾಕಿ. ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಪೆಟ್ರೋಲ್ ಹೋಸ್‌ಗಳಲ್ಲಿ ಬಿರುಕು, ಜಿನುಗು ಇದ್ದರೆ ತಡಮಾಡದೆ ಬದಲಾಯಿಸಿ.

ಕಾಗದಪತ್ರದ ಮಾತು ಚುಟುಕಾಗಿ. ಸರ್ಕಾರದ ವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಮಾಲೀಕರ ಕ್ರಮಸಂಖ್ಯೆ (ಈಗಿನವರು ಎಷ್ಟನೆಯವರು), ಸಾಲದ ನಮೂದು, ಬಾಕಿ ದಂಡ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ನಮೂನೆ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ನಮೂನೆ 29 ಮತ್ತು 30. ಇವಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟು ಓಡಿಸುವುದು ಇಬ್ಬರಿಗೂ ಅಪಾಯ. ಅಪಘಾತದ ಪರಿಹಾರದ ವಿಷಯದಲ್ಲಿ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವರ ನೋ ಕ್ಲೈಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಪ್ರೀಮಿಯಂ ಹೆಚ್ಚಾದರೆ ಗಾಬರಿ ಬೇಡ. ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ದೆಹಲಿ ಸುತ್ತಮುತ್ತ ನಿರ್ಬಂಧ ಹೇರಿದ್ದರಿಂದ ಅಲ್ಲಿನ ಎಂಟೊಂಬತ್ತು ವರ್ಷದ ಕಾರುಗಳು ಆಸೆ ಹುಟ್ಟಿಸುವಷ್ಟು ಅಗ್ಗವಾಗಿ ಬರುತ್ತಿದ್ದವು. ಎನ್‌ಒಸಿ, ಮರುನೋಂದಣಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಸಾಗಣೆ ಎಲ್ಲ ಕೂಡಿದರೆ ಆ ಅಗ್ಗ ಉಳಿಯುವುದು ಕಡಿಮೆ.

ಹಳೆಯ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮ ಹೆಸರಿನಲ್ಲಿ ಹೊಸದು ತೆಗೆದುಕೊಳ್ಳಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗೆ ವಾರ್ಷಿಕ ಪಾಸ್ ಬಂದಿದೆ, ಆರಂಭದಲ್ಲಿ ಅದರ ಬೆಲೆ ₹3,000 ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಆ ಬೆಲೆಗೆ ಪೂರ್ತಿ ಬಳಸಿದರೆ ಒಂದು ಟೋಲ್‌ಗೆ ₹15 ಬೀಳುತ್ತಿತ್ತು. ರಾಜ್ಯ ಹೆದ್ದಾರಿಯ ಟೋಲ್‌ಗಳಿಗೆ ಇದು ನಡೆಯುವುದಿಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ ಮೈಲೇಜಿನಲ್ಲಿ ಎರಡು ಕಿ.ಮೀ. ಹೆಚ್ಚು ಸಿಗುವುದಕ್ಕಿಂತ ಇದರಲ್ಲೇ ಹೆಚ್ಚು ಉಳಿಯಬಹುದು. ಓಡಿಸುವ ವೇಗದಲ್ಲೂ ಹಾಗೆಯೇ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, 85ರಲ್ಲಿ ಇರುವುದಕ್ಕಿಂತ 110ರಲ್ಲಿ ಅದು ಶೇ 67ರಷ್ಟು ಹೆಚ್ಚು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿಯೇ 100. ಅದರೊಳಗೆ 85–90ರಲ್ಲಿ ಓಡಿಸುವವರಿಗೆ ಮಾತ್ರ ಮೇಲೆ ಹೇಳಿದ 17 ಮತ್ತು 22 ಸಿಗುತ್ತದೆ.

ಕೊನೆಯದಾಗಿ ಸಾರಿಗೆ ಇಲಾಖೆಗೆ ಒಂದು ಬೇಡಿಕೆ. ಪ್ರತಿ ಕಾರೂ ಹೊಗೆ ತಪಾಸಣೆಗೆ ಬರಲೇಬೇಕು. ಅದೇ ಹೊತ್ತಿಗೆ ಮೀಟರಿನ ಫೋಟೊ ತೆಗೆದು ಕಿ.ಮೀ. ಅಂಕಿಯನ್ನು ನೋಂದಣಿ ಸಂಖ್ಯೆಯ ಜೊತೆ ದಾಖಲಿಸಲಿ, ಕೊಳ್ಳುವವರು ಅದನ್ನು ಆನ್‌ಲೈನಿನಲ್ಲಿ ನೋಡುವಂತಿರಲಿ. ತಪಾಸಣಾ ಕೇಂದ್ರದವರಿಗೆ ಇದು ಅರ್ಧ ನಿಮಿಷದ ಕೆಲಸ. ವಿಮಾ ಕಂಪನಿಗಳು ನವೀಕರಣದ ಹೊತ್ತಿಗೂ ಹೀಗೆಯೇ ಮಾಡಬಹುದು. ವರ್ಷವರ್ಷದ ಅಂಕಿ ಸಾಲಾಗಿ ಸಿಗುವಂತಾದರೆ ಮೀಟರ್ ತಿರುಗಿಸುವ ದಂಧೆಗೆ ಗಿರಾಕಿಯೇ ಇರುವುದಿಲ್ಲ, ಲಕ್ಷ ಕಿ.ಮೀ. ಓಡಿದ್ದನ್ನು ಮುಚ್ಚಿಡದೆ ಹೇಳುವ ಮಾಲೀಕರಿಗೂ ನ್ಯಾಯವಾದ ಬೆಲೆ ಸಿಗುತ್ತದೆ.

ಇಂತಿ,
ಕಾರು ರಿಪೇರಿ ವೃತ್ತಿಯ ನಾಲ್ವರು,
ತುಮಕೂರು